ಕೊಟ್ಟಿಗೆಗೆ ಬಂದ ಕಂಪ್ಯೂಟರ್: ಪರದೆಯನ್ನು ನೀವೂ ನೋಡಿ

ಪಶುವೈದ್ಯರ ಚೀಲದಲ್ಲಿ ಥರ್ಮಾಮೀಟರ್, ಸಿರಿಂಜು, ಕೈಗವಸುಗಳ ಜೊತೆ ಈಗ ಲ್ಯಾಪ್‌ಟಾಪ್ ಕೂಡ ಸೇರಿದೆ. ನನ್ನ ಎಲ್ಲ ಕೆಲಸಕ್ಕೂ ಇರುವುದು ಈ ಒಂದೇ ಕಂಪ್ಯೂಟರ್. ತೂಕ ಸುಮಾರು ಒಂದೂಕಾಲು ಕಿಲೋ, ಅಂದರೆ ಒಂದು ಲೀಟರ್ ಹಾಲಿಗಿಂತ ತುಸು ಹೆಚ್ಚು. ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ನಡೆಯುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಭಾರತ್ ಪಶುಧನ್ ದಾಖಲಾತಿಗೆ ಮೊಬೈಲ್ ಆ್ಯಪ್ ಇದೆಯಲ್ಲ, ಲ್ಯಾಪ್‌ಟಾಪ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಒಂದು ರಾಸಿನ ವಿವರ ತುಂಬಲು ಮೊಬೈಲ್ ಸಾಕು. ಆದರೆ ಇಡೀ ಸಂಘದ ಲಸಿಕೆ ಪಟ್ಟಿ, ವಿಮೆಗೆ ಬೇಕಾದ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ ಬರೆಯಲು ದೊಡ್ಡ ಪರದೆ, ಕೀಲಿಮಣೆ ಬೇಕು. ನೆಟ್‌ವರ್ಕ್ ಸಿಗದ ಊರಿನಲ್ಲಿ ವಿವರವನ್ನು ಲ್ಯಾಪ್‌ಟಾಪಿನಲ್ಲೇ ಬರೆದಿಟ್ಟು, ಸಿಗ್ನಲ್ ಬಂದಾಗ ಕಳುಹಿಸಬಹುದು. ಹಗುರ ಯಂತ್ರಕ್ಕೆ ಮಿತಿಯೂ ಉಂಟು. ಸಗಣಿ, ನೀರು, ಧೂಳು ಇದಕ್ಕೆ ಆಗದು. ಕೈ ತೊಳೆದೇ ಮುಟ್ಟಬೇಕು. ಇರುವುದು ಒಂದೇ ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಬೇರೆಡೆ ನಕಲು ಮಾಡಿಡಬೇಕು.

ಇದರಿಂದ ನಿಮಗೇನು ಲಾಭ? ಮೊದಲು ಕೊಟ್ಟಿಗೆಯಲ್ಲಿ ಚೀಟಿಯಲ್ಲಿ ಬರೆದುಕೊಂಡು, ಸಂಜೆ ಕಚೇರಿಯಲ್ಲಿ ಟೈಪ್ ಮಾಡುವುದು ರೂಢಿ. ಕಿವಿಯೋಲೆಯ ಸಂಖ್ಯೆ 12 ಅಂಕಿಯದು. ಎರಡು ಸಲ ನಕಲು ಮಾಡುವಾಗ ಒಂದು ಅಂಕಿ ಹೆಚ್ಚುಕಡಿಮೆಯಾದರೂ ನಿಮ್ಮ ಹಸುವಿನ ದಾಖಲೆಯಲ್ಲಿ ಗೊಂದಲವಾಗಬಹುದು. ಈಗ ದಾಖಲೆ ನಿಮ್ಮ ಕಣ್ಣೆದುರೇ ಆಗುತ್ತದೆ. ಆದ್ದರಿಂದ ಸಂಕೋಚ ಬೇಡ, "ಸ್ವಲ್ಪ ತೋರಿಸಿ" ಎಂದು ಕೇಳಿ. ಮೂರು ವಿಷಯ ನೋಡಿ.

ಮೊದಲನೆಯದು, ಕಿವಿಯೋಲೆ ಸಂಖ್ಯೆ. ಪರದೆಯಲ್ಲಿರುವುದನ್ನೂ ಓಲೆಯಲ್ಲಿರುವುದನ್ನೂ ಜೋರಾಗಿ ಓದಿ ಹೋಲಿಸಿ. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ಜಾನುವಾರು ವಿಮೆಯ ಸಾಮಾನ್ಯ ಷರತ್ತು. ಓಲೆ ಬಿದ್ದುಹೋದರೆ ಅಂದೇ ನಮಗೂ ವಿಮಾ ಕಂಪನಿಗೂ ತಿಳಿಸಿ.

ಎರಡನೆಯದು, ದಿನಾಂಕ. ಕೃತಕ ಗರ್ಭಧಾರಣೆಯ ದಿನ ಸರಿಯಿದ್ದರೆ ಮುಂದಿನ ಲೆಕ್ಕವೆಲ್ಲ ಸರಿ. ಉದಾಹರಣೆಗೆ, ಜನವರಿ 10ರಂದು ಹಸುವಿಗೆ ಗರ್ಭಧಾರಣೆ ಮಾಡಿಸಿದಿರಿ ಎನ್ನೋಣ. 21 ದಿನಕ್ಕೆ, ಜನವರಿ 31ರ ಆಸುಪಾಸಿನಲ್ಲಿ ಮತ್ತೆ ಬೆದೆ ಕಾಣುತ್ತದೆಯೇ ಗಮನಿಸಿ. ಕಾಣದಿದ್ದರೆ ಏಪ್ರಿಲ್ 10ರೊಳಗೆ ಗರ್ಭ ತಪಾಸಣೆ ಮಾಡಿಸಿ. ಗಬ್ಬವಾಗಿದ್ದರೆ 280 ದಿನದ ಲೆಕ್ಕದಲ್ಲಿ ಅಕ್ಟೋಬರ್ 17ರ ಹೊತ್ತಿಗೆ ಕರು ಹಾಕುತ್ತದೆ. ಅದಕ್ಕೆ 60 ದಿನ ಮೊದಲು, ಆಗಸ್ಟ್ 18ಕ್ಕೆ ಹಾಲು ಬತ್ತಿಸಬೇಕು. ಎಮ್ಮೆಗೆ ಗಬ್ಬದ ಅವಧಿ ಸುಮಾರು 310 ದಿನ. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ, ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದು ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಮೂರನೆಯದು, ಮಾಲೀಕರ ಹೆಸರು. ಇದನ್ನು ಹಲವರು ನೋಡುವುದೇ ಇಲ್ಲ. ಹುಲ್ಲು ಹಾಕಿ, ಹಾಲು ಕರೆದು, ಸಂಘಕ್ಕೆ ಹಾಕುವವರು ನೀವು, ಸದಸ್ಯತ್ವವೂ ನಿಮ್ಮದೇ. ಆದರೆ ಓಲೆ ಹಾಕಿದ ದಿನ ಯಾರು ಎದುರಿಗಿದ್ದರೋ ಅವರ ಹೆಸರೇ ದಾಖಲಾಗಿರಬಹುದು. ವಿಮೆ, ಸಾಲದ ಕಾಗದಪತ್ರ ಬಂದಾಗ ಹೆಸರು ಹೊಂದದಿದ್ದರೆ ಓಡಾಟ ನಿಮಗೇ. ರಾಸು ನಿಮ್ಮದಾಗಿದ್ದರೆ ಹೆಸರೂ ಮೊಬೈಲ್ ಸಂಖ್ಯೆಯೂ ನಿಮ್ಮವೇ ಇರಲಿ. ಬೇರೆಯಿದ್ದರೆ ತಿದ್ದಿಸಲು ಇಂದೇ ಹೇಳಿ.

ಸಂಘದ ಕಾರ್ಯದರ್ಶಿಗಾಗಲಿ ಓದುತ್ತಿರುವ ಮಗಳಿಗಾಗಲಿ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಿದ್ದರೆ, ಅಂಗಡಿಯವರು ಹೇಳುವ ದುಬಾರಿಯದೇ ಆಗಬೇಕಿಲ್ಲ. ಲೆಕ್ಕಪತ್ರ, ಪತ್ರ ವ್ಯವಹಾರ, ಇಂಟರ್‌ನೆಟ್‌ಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ದಿನವಿಡೀ ಬಾಳುವ ಬ್ಯಾಟರಿ ಇದ್ದರೆ ಸಾಕು. ಕೀಲಿಮಣೆ ಒತ್ತಿ ನೋಡಿ; ದಿನವೂ ಕೆಲಸ ಮಾಡುವುದು ಅದರ ಮೇಲೆಯೇ.

ಕಂಪ್ಯೂಟರ್ ಬಂತೆಂದು ನಿಮ್ಮ ನೋಟ್‌ಬುಕ್ಕನ್ನು ಬಿಡಬೇಡಿ. ಬೆದೆ ಯಾವಾಗ ಬಂತು, ಮೇವು ಯಾವಾಗ ಬಿಟ್ಟಿತು, ಹಾಲು ಯಾವ ಹೊತ್ತಿನಿಂದ ಇಳಿಯಿತು ಎಂಬುದು ಗೊತ್ತಿರುವುದು ನಿಮಗೆ. ನೀವು ಹೇಳಿದ್ದನ್ನು ಮಾತ್ರ ನಾನು ಟೈಪ್ ಮಾಡಬಲ್ಲೆ. ಮುಂದಿನ ಭೇಟಿಗೆ ನೋಟ್‌ಬುಕ್ ಹಿಡಿದೇ ಕೊಟ್ಟಿಗೆಗೆ ಬನ್ನಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸೋಣ.