ನಿಮಗಿದು ಗೊತ್ತೆ? ಗುದ್ದಿ ಓಡಿದರೂ ಪರಿಹಾರ ಉಂಟು

ಗುದ್ದಿದ ವಾಹನದ ನಂಬರೇ ಸಿಗಲಿಲ್ಲವೆಂದು ಬೆಂಗಳೂರಿನಂಥ ಊರಲ್ಲಿ ಎಷ್ಟೋ ಕುಟುಂಬಗಳು ಕೈಚೆಲ್ಲುತ್ತವೆ. ಹಾಗೆ ಬಿಡಬೇಕಿಲ್ಲ. ಗುದ್ದಿ ಪರಾರಿಯಾದ ಪ್ರಕರಣಗಳಿಗೆಂದೇ ಕೇಂದ್ರ ಸರ್ಕಾರದ ಯೋಜನೆಯೊಂದಿದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. 2022ರ ಏಪ್ರಿಲ್‌ಗೆ ಮುಂಚೆ ಈ ಮೊತ್ತ ಬರೀ 25,000 ಮತ್ತು 12,500. ಆಸ್ಪತ್ರೆಯ ಒಂದೆರಡು ದಿನದ ಬಿಲ್ಲಿಗೂ ಸಾಲದಷ್ಟು!

ವಾಹನ ಸಿಕ್ಕರೆ ದಾರಿ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಈ ಕೆಲಸ ನೋಡುವುದು ಲಘು ವ್ಯವಹಾರಗಳ ನ್ಯಾಯಾಲಯ. ಹಾಗೆಂದು ಸಿಲ್ಕ್ ಬೋರ್ಡ್ ಬಳಿ ಕಾಲು ಮುರಿದುಕೊಂಡು ಊರಿಗೆ ಮರಳಿದ ರಾಯಚೂರಿನ ಗಾರೆ ಕೆಲಸದವರು ಇಲ್ಲಿಗೇ ಅಲೆಯಬೇಕಿಲ್ಲ. ತಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು.

ಮೃತಪಟ್ಟವರು ಗೃಹಿಣಿಯಾಗಿದ್ದರೆ? ‘ಆಕೆಗೆ ಸಂಪಾದನೆ ಇರಲಿಲ್ಲ’ ಎಂಬ ವಾದ ನಡೆಯದು. ದೆಹಲಿಯಲ್ಲಿ ಬೈಕಿಗೆ ಕಾರು ಗುದ್ದಿ ದಂಪತಿ ಸತ್ತ ಪ್ರಕರಣದಲ್ಲಿ, ಮನೆಗೆಲಸಕ್ಕೂ ಆದಾಯದ ಲೆಕ್ಕ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅಡುಗೆಮನೆಯ ದುಡಿಮೆಗೆ ಕೋರ್ಟಿನಲ್ಲಾದರೂ ಬೆಲೆ ಸಿಕ್ಕಿತೆನ್ನಿ.

ಇನ್ನು ನೆರವಿಗೆ ಬಂದವರ ಮಾತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರು ಪೊಲೀಸರಿಗೆ ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂಬ ನಿಯಮವಿಲ್ಲ. ಸಾಕ್ಷಿಯಾಗಿ ಬರಲು ಅವರನ್ನು ಬಲವಂತ ಮಾಡುವಂತೆಯೂ ಇಲ್ಲ.