ಕರಾವಳಿ ಪರಿಸರ ವಿಜ್ಞಾನ: ವ್ಯಾಸಂಗ ಮತ್ತು ಉದ್ಯೋಗಾವಕಾಶ



ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಪ್ರತಿ ಗ್ರಾಮ ಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸತಕ್ಕದ್ದು. ಇಂಜಿನಿಯರಿಂಗ್ ಪದವೀಧರನಾದ ನನಗೆ ಈ ಕಾರ್ಯದಲ್ಲಿ ಕಾಂಡ್ಲಾ ಗಿಡಗಳ ಪ್ರಭೇದಗಳನ್ನು ಗುರುತಿಸಲು ತಿಳಿಯಲಿಲ್ಲ. ಅಳಿವೆಯಲ್ಲಿ ಬಳಚು ಆರಿಸುವ ಮಹಿಳೆಯರು ತೋರಿಸಿಕೊಟ್ಟರು. ಆ ಅರಿವಿಗೆ ಪದವಿಯ ಬಲ ದೊರೆತಲ್ಲಿ ಅವರ ಮಕ್ಕಳೇ ಈ ಕ್ಷೇತ್ರದ ತಜ್ಞರಾಗಬಲ್ಲರು.

ವ್ಯಾಸಂಗ: ಪಿಯುಸಿ ವಿಜ್ಞಾನದಲ್ಲಿ ಜೀವಶಾಸ್ತ್ರವನ್ನು ಓದಿದವರು ಸಿಇಟಿ ಮೂಲಕ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ 4 ವರ್ಷಗಳ ಬಿ.ಎಫ್.ಎಸ್ಸಿ. ಪದವಿಗೆ ಸೇರಬಹುದು. ಜೀವವಿಜ್ಞಾನದ ಬಿ.ಎಸ್ಸಿ. ಪದವೀಧರರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ.

ಉದ್ಯೋಗ: ಮೀನುಗಾರಿಕೆ ಇಲಾಖೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಅಧ್ಯಾಪನ, ಸಿಗಡಿ ಕೃಷಿ ಹಾಗೂ ಪರಿಸರ ಪರಿಣಾಮ ಅಧ್ಯಯನ ಸಂಸ್ಥೆಗಳಲ್ಲಿ ಅವಕಾಶಗಳಿವೆ. ಬಂದರು, ತಡೆಗೋಡೆಗಳಂತಹ ಯೋಜನೆಗಳ ಸಾಧಕಬಾಧಕಗಳನ್ನು ಅಳೆಯುವವರಲ್ಲಿ ಸ್ಥಳೀಯರಿದ್ದರೆ ಊರಿನ ಹಿತ ಕಡೆಗಣಿಸಲ್ಪಡದು. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್‌ಸಾರ್ ತಾಣವೆಂದು ಘೋಷಿತವಾದ ಬಳಿಕ ಈ ಅಗತ್ಯ ಹೆಚ್ಚಿದೆ.

ಆದುದರಿಂದ ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ದಾಖಲಾತಿಯ ಪರಿಷ್ಕರಣೆಯಲ್ಲಿ ಪಿಯುಸಿ ವಿದ್ಯಾರ್ಥಿಗಳನ್ನೂ ತೊಡಗಿಸಿಕೊಳ್ಳಬೇಕೆಂದು ಕೋರಲಾಗಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ