ಪೆಟ್ಟಿಗೆ ಕೆಳಗೆ, ಬ್ಯಾಟರಿ ಜೊತೆಗೆ

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಲಗೇಜಲ್ಲಿ ಪವರ್ ಬ್ಯಾಂಕ್ ಇದೆಯಾ?’ ಇದ್ದರೆ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಬೇಕು. ಮೇಲ್ನೋಟಕ್ಕೆ ಇದು ತಲೆಕೆಳಗಾದ ನಿಯಮ. ಬೆಂಕಿ ಹತ್ತಬಹುದಾದ ವಸ್ತುವನ್ನು ಜನರಿಂದ ದೂರ ಇಡುವುದು ಲೋಕರೂಢಿ. ಇಲ್ಲಿ ಅದನ್ನು ಜನರ ನಡುವೆಯೇ ಕೂರಿಸುತ್ತಾರೆ. ಈ ವಿರೋಧಾಭಾಸ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಸ್ಮಾರ್ಟ್’ ಸೂಟ್‌ಕೇಸುಗಳನ್ನು. ಫೋನ್ ಚಾರ್ಜ್ ಮಾಡುವ, ತಾನೆಲ್ಲಿದ್ದೇನೆಂದು ತಿಳಿಸುವ, ತನ್ನ ತೂಕ ತಾನೇ ಹೇಳುವ ಪೆಟ್ಟಿಗೆಗಳಿವು. 2018ರ ಜನವರಿ 15ರಿಂದ ಅಮೆರಿಕನ್, ಡೆಲ್ಟಾ, ಅಲಾಸ್ಕಾ ಏರ್‌ಲೈನ್ಸ್‌ಗಳು ಬ್ಯಾಟರಿ ಕಳಚಲಾಗದ ಇಂಥ ಪೆಟ್ಟಿಗೆಗಳನ್ನು ಹತ್ತಿಸಿಕೊಳ್ಳುವುದಿಲ್ಲ ಎಂದವು. ಆ ವಹಿವಾಟಿನಲ್ಲಿ ಮುಂದಿದ್ದ ಬ್ಲೂಸ್ಮಾರ್ಟ್ ಕಂಪನಿ ಅದೇ ವರ್ಷದ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ವಿಮಾನಯಾನ ಕಂಪನಿಗಳದ್ದು ಅತಿಯಾಯಿತೆಂದು ಅನೇಕರು ಗೊಣಗಿದರು. ಅತಿಯೇನೂ ಆಗಿರಲಿಲ್ಲ. ಅಪಾಯದ ವಸ್ತು ಎಷ್ಟು ದೂರದಲ್ಲಿದೆ ಎನ್ನುವುದಕ್ಕಿಂತ, ಹೊಗೆ ಎದ್ದಾಗ ಯಾರ ಕಣ್ಣಿಗೆ ಬೀಳುತ್ತದೆ, ಯಾರ ಕೈಗೆ ಎಟಕುತ್ತದೆ ಎಂಬುದೇ ಈ ನಿಯಮದ ತಿರುಳು.

ಲಿಥಿಯಂ ಅಯಾನ್ ಬ್ಯಾಟರಿಯ ಒಳಗೆ ಎರಡು ವಿದ್ಯುದ್ವಾರಗಳ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ ಇರುತ್ತದೆ. ಸುತ್ತಲೂ ಇರುವ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಪೆಟ್ಟು ಬಿದ್ದೋ, ತಯಾರಿಕೆಯ ದೋಷದಿಂದಲೋ ಆ ಪರದೆ ಹರಿದರೆ ಒಳಗೇ ಶಾರ್ಟ್ ಆಗಿ ಕಾವೇರುತ್ತದೆ. ಕಾವಿಗೆ ಪರದೆ ಇನ್ನಷ್ಟು ಕರಗುತ್ತದೆ, ಅದರಿಂದ ಕಾವು ಮತ್ತಷ್ಟು ಏರುತ್ತದೆ. ತಂತ್ರಜ್ಞರು ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಲಗಾಮು ಹರಿದ ಕಾವು ಎಂದರೂ ಸರಿಯೇ. ಒಂದು ಕೋಶ ಹತ್ತಿಕೊಂಡರೆ ಪಕ್ಕದ ಕೋಶವನ್ನೂ ಕಾಯಿಸಿ ಎಳೆದುಕೊಳ್ಳುತ್ತದೆ. ಇನ್ನೂ ತೊಡಕಿನ ಸಂಗತಿಯೆಂದರೆ, ಈ ಬ್ಯಾಟರಿಗಳ ಧನಧ್ರುವದಲ್ಲಿರುವ ಲೋಹದ ಆಕ್ಸೈಡುಗಳು ಬಿಸಿಯಾದಾಗ ತಾವೇ ಆಮ್ಲಜನಕ ಬಿಡಬಲ್ಲವು. ಗಾಳಿ ತಡೆದರೆ ಬೆಂಕಿ ಆರುತ್ತದೆ ಎಂಬ ಹಳೆಯ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ, ಲಗೇಜು ತುಂಬುವ ಜಾಗದಲ್ಲಿ, ಬೆಂಕಿ ಆರಿಸಲು ಹ್ಯಾಲಾನ್ ಎಂಬ ಅನಿಲ ಇರುತ್ತದಲ್ಲ ಎಂದು ಕೇಳಬಹುದು. ನಿಜ, ಬಟ್ಟೆಬರೆ, ಕಾಗದಕ್ಕೆ ಹತ್ತಿದ ಜ್ವಾಲೆಯನ್ನು ಅದು ಚೆನ್ನಾಗಿ ಹತ್ತಿಕ್ಕುತ್ತದೆ. ಆದರೆ ಬ್ಯಾಟರಿಯನ್ನು ಅದು ತಣ್ಣಗೆ ಮಾಡಲಾರದು. ಕಾವು ಒಳಗೊಳಗೇ ಕೋಶದಿಂದ ಕೋಶಕ್ಕೆ ಹಬ್ಬುತ್ತಲೇ ಇರುತ್ತದೆ. 2017ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಬಟ್ಟೆ ತುಂಬಿದ ಸೂಟ್‌ಕೇಸಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಅದರ ಬ್ಯಾಟರಿಯನ್ನು ಬೇಕೆಂದೇ ಕಾಯಿಸಿ ನೋಡಿತು. ಒಂದು ಪರೀಕ್ಷೆಯಲ್ಲಿ ಲ್ಯಾಪ್‌ಟಾಪಿಗೆ ಕೂದಲಿಗೆ ಹಾಕುವ ಸ್ಪ್ರೇ ಡಬ್ಬಿಯೊಂದನ್ನು ಕಟ್ಟಿದ್ದರು. 40 ಸೆಕೆಂಡಿನೊಳಗೆ ಡಬ್ಬಿ ಸಿಡಿಯಿತು. ಹ್ಯಾಲಾನ್ ಕೆಲಸ ಶುರುಮಾಡಲೂ ಅಷ್ಟು ಹೊತ್ತು ಸಾಲದು. ಇನ್ನು 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ ಸರಕು ವಿಮಾನದ ಕತೆ ಪ್ರಯೋಗಾಲಯದ್ದಲ್ಲ. ಅದರಲ್ಲಿ ದೊಡ್ಡ ಪ್ರಮಾಣದ ಲಿಥಿಯಂ ಬ್ಯಾಟರಿಗಳಿದ್ದವು. ಬೆಂಕಿಯ ಹೊಗೆ ಕಾಕ್‌ಪಿಟ್ ತುಂಬಿ, ದುಬೈಗೇ ವಾಪಸಾಗುತ್ತಿದ್ದ ವಿಮಾನ ನೆಲಕ್ಕಪ್ಪಳಿಸಿ ಇಬ್ಬರೂ ಪೈಲಟ್‌ಗಳು ತೀರಿಕೊಂಡರು. ಬಿಡಿಯಾಗಿ ಸಾಗಿಸುವ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಒಯ್ಯುವುದು 2016ರ ಏಪ್ರಿಲ್‌ನಿಂದ ನಿಂತಿದೆ.

ಕ್ಯಾಬಿನ್ನಿನಲ್ಲಿ ಅದೇ ಬ್ಯಾಟರಿ ಹೊಗೆಯಾಡಿದರೆ ಪಕ್ಕದ ಸೀಟಿನವರು ಮೊದಲು ಕೂಗುತ್ತಾರೆ, ಗಗನಸಖಿ ಓಡಿಬರುತ್ತಾಳೆ. ಜ್ವಾಲೆಯನ್ನು ಆರಿಸಿದ ಮೇಲೆ ಅವಳು ಸುರಿಯುವುದು ನೀರು. ಲಿಥಿಯಂಗೆ ನೀರು ತಾಗಿದರೆ ಉರಿಯುತ್ತದೆಂದು ಶಾಲೆಯಲ್ಲಿ ಓದಿದವರಿಗೆ ಇದು ಅಚ್ಚರಿ. ಆದರೆ ಈ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಬಹುಪಾಲು ಅಯಾನಿನ ರೂಪದಲ್ಲಿ, ಲೋಹದ ಗಟ್ಟಿಯಾಗಿ ಅಲ್ಲ. ನೀರಿನ ಕೆಲಸ ತಣಿಸುವುದು, ಪಕ್ಕದ ಕೋಶಕ್ಕೆ ಕಾವು ದಾಟದಂತೆ ನೋಡಿಕೊಳ್ಳುವುದು. ಕ್ಯಾಬಿನ್ ಎಂದರೆ ಅಪಾಯವೇ ಇಲ್ಲವೆಂದಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಏರ್ ಬೂಸಾನ್ ವಿಮಾನ ಹೊತ್ತಿ ಉರಿದದ್ದು ಕ್ಯಾಬಿನ್ನಿನಿಂದಲೇ. ವಿಮಾನ ಇನ್ನೂ ನೆಲದ ಮೇಲಿದ್ದುದರಿಂದ 176 ಮಂದಿಯೂ ಹೊರಬಂದರು. ಪವರ್ ಬ್ಯಾಂಕೇ ಕಾರಣವಿರಬಹುದೆಂದು ತನಿಖೆ ಹೇಳಿತು. ನಿಯಮ ಸೋತಿತು ಎನ್ನುವವರು ಒಂದನ್ನು ಗಮನಿಸಬೇಕು: ಬೆಂಕಿ ಹತ್ತಿದ್ದು ತಲೆಯ ಮೇಲಿನ ಮುಚ್ಚಿದ ಲಗೇಜು ಗೂಡಿನಲ್ಲಿ. ಮುಚ್ಚಿದ ಗೂಡೂ ಒಂದರ್ಥದಲ್ಲಿ ಕಣ್ಮರೆಯ ಜಾಗವೇ. ಮಾರ್ಚ್ 1ರಿಂದ ಕೊರಿಯಾ ಪವರ್ ಬ್ಯಾಂಕನ್ನು ಆ ಗೂಡಿನಲ್ಲಿಡುವಂತಿಲ್ಲ, ಪ್ರಯಾಣಿಕರ ಬಳಿಯೇ ಇರಬೇಕು ಎಂದಿತು.

ಆಫ್ ಮಾಡಿದ ಲ್ಯಾಪ್‌ಟಾಪನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವ ವಿಮಾನಯಾನ ಕಂಪನಿಗಳು ಸ್ಮಾರ್ಟ್ ಪೆಟ್ಟಿಗೆಯ ಮೇಲೇಕೆ ಹರಿಹಾಯುತ್ತವೆ ಎಂಬ ತಕರಾರಿನಲ್ಲಿ ಹುರುಳಿದೆ. ಅದಕ್ಕೇ ಲ್ಯಾಪ್‌ಟಾಪನ್ನೂ ಜೊತೆಗೇ ಒಯ್ಯಿರಿ ಎನ್ನುವ ಸಲಹೆ. ಲ್ಯಾಪ್‌ಟಾಪನ್ನಾದರೂ ಬಟ್ಟೆಯ ನಡುವೆ ಸುತ್ತಿಡುತ್ತೇವೆ. ಬೆಲ್ಟಿನ ಮೇಲೆ ಉರುಳಿ, ಟ್ರಾಲಿಗೆ ಎಸೆಯಿಸಿಕೊಂಡು ಏಟು ತಿನ್ನುವುದು ಸೂಟ್‌ಕೇಸಿನ ಚಿಪ್ಪು, ಬ್ಯಾಟರಿ ಕೂತಿರುವುದು ಆ ಚಿಪ್ಪಿಗೆ ಅಂಟಿಕೊಂಡೇ. ಪೆಟ್ಟಿಗೆಯ ಬ್ಯಾಟರಿ ಸಣ್ಣದಾದರೆ ನಿಯಮ ವಿನಾಯಿತಿ ಕೊಟ್ಟಿದೆ: 2.7 ವ್ಯಾಟ್-ಅವರ್ ಮೀರದ್ದನ್ನು, ಅಥವಾ ಟ್ರ್ಯಾಕರಿನಲ್ಲಿರುವ ನಾಣ್ಯದಂಥ ಬ್ಯಾಟರಿಯಾದರೆ 0.3 ಗ್ರಾಂ ಲಿಥಿಯಂ ಮೀರದ್ದನ್ನು, ಕಳಚಬೇಕಿಲ್ಲ. ಕೈಯಲ್ಲಿ ಒಯ್ಯುವುದಕ್ಕೆ ಸಾಮಾನ್ಯ ಮಿತಿ 100 ವ್ಯಾಟ್-ಅವರ್. 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಬ್ಯಾಟರಿಯ ಬೆನ್ನ ಮೇಲೆ 10,000 ಎಂಎಎಚ್, 3.7 ವೋಲ್ಟ್ ಎಂದಿದ್ದರೆ 10 ಆಂಪಿಯರ್-ಅವರನ್ನು 3.7ರಿಂದ ಗುಣಿಸಿ, 37 ವ್ಯಾಟ್-ಅವರ್. ಪಕ್ಕದಲ್ಲಿ ಬರೆದಿರುವ 5 ವೋಲ್ಟಿನಿಂದ ಗುಣಿಸಬಾರದು, ಅದು ಹೊರಗೆ ಕೊಡುವ ವೋಲ್ಟೇಜು.

ಪೆಟ್ಟಿಗೆ ಕೊಳ್ಳುವಾಗ ಈ ಅಂಕಿಗಿಂತ ಮೊದಲು ನೋಡಬೇಕಾದದ್ದು ಬ್ಯಾಟರಿ ಹೇಗೆ ಹೊರಬರುತ್ತದೆ ಎಂಬುದನ್ನು. ಕೈಚೀಲವೆಂದು ಒಯ್ದ ಪೆಟ್ಟಿಗೆಯನ್ನೂ, ಮೇಲಿನ ಗೂಡು ತುಂಬಿತೆಂದು ವಿಮಾನದ ಬಾಗಿಲಲ್ಲೇ ಕೆಳಕ್ಕೆ ಕಳಿಸುವುದುಂಟು. ಆಗ ಬೆರಳಲ್ಲಿ ಒತ್ತಿದರೆ ಹೊರಬರುವ ಬ್ಯಾಟರಿಯಾದರೆ ಅರ್ಧ ನಿಮಿಷದ ಕೆಲಸ. ನಾಲ್ಕು ಸ್ಕ್ರೂ ಬಿಚ್ಚಬೇಕಿದ್ದರೆ, ಸ್ಕ್ರೂಡ್ರೈವರನ್ನು ಭದ್ರತಾ ತಪಾಸಣೆಯವರು ಆಗಲೇ ತೆಗೆದಿಟ್ಟುಕೊಂಡಿರುತ್ತಾರೆ.